ಕೊಳವೆ, ಬಟ್ಟೆ, ಎಂಜಿನ್: ರಾಜಹಂಸ ವಿಮಾನ ಕಾರ್ಖಾನೆ ನಡೆದುಬಂದ ದಾರಿ

ಬೀದರ್ ಜಿಲ್ಲೆಯವರಿಗೆ ವಿಮಾನದ ಸದ್ದು ಹೊಸದಲ್ಲ. 1940ರ ದಶಕದಲ್ಲಿ, ನಿಜಾಮರ ಆಡಳಿತವಿದ್ದಾಗ, ಇಲ್ಲಿ ಏರ್‌ಫೀಲ್ಡ್ ಆಯಿತು. 1960ರ ದಶಕದಿಂದ ಅದು ವಾಯುಪಡೆಯ ತರಬೇತಿ ನೆಲೆ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ವಿಮಾನದಲ್ಲಿ ಮೊದಲ ಪಾಠ ಕಲಿತ ಪೈಲಟ್‌ಗಳು ಇಲ್ಲಿಂದಲೇ ಹೊರಬಿದ್ದರು. 1996ರಲ್ಲಿ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ್ ಹುಟ್ಟಿದ್ದು ಇಲ್ಲಿ. 2008ರಲ್ಲಿ ಹಾಕ್ ಜೆಟ್‌ಗಳು ಸೇವೆಗೆ ಸೇರಿದ್ದೂ ಇಲ್ಲಿ. ಭಾಲ್ಕಿಯ ಹೊಲದಲ್ಲಿ ತೊಗರಿ ಕಳೆ ಕೀಳುವವರೂ ಔರಾದಿನ ಶಾಲಾ ಅಂಗಳದ ಮಕ್ಕಳೂ ತಲೆ ಎತ್ತಿ ನೋಡದೆಯೇ ಇದು ಯಾವ ವಿಮಾನ ಎಂದು ಸದ್ದಿನಿಂದ ಹೇಳಬಲ್ಲರು.

ಇಷ್ಟು ವರ್ಷ ವಿಮಾನ ನೋಡಿದ ಊರಿನಲ್ಲಿ ವಿಮಾನ ಕಟ್ಟುವ ಮಾತು ಮಾತ್ರ ಹೆಚ್ಚು ಕೇಳಿಬರಲಿಲ್ಲ. ಅದು ಎಚ್‌ಎಎಲ್‌ನಂಥ ಸಾವಿರಾರು ಕೋಟಿಯ ಸಂಸ್ಥೆಗೆ ಮಾತ್ರ ಸಾಧ್ಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ನಂಬಿಕೆ ಪೂರ್ತಿ ನಿಜವಲ್ಲ ಎಂದು ತೋರಿಸಿದ ಒಂದು ಖಾಸಗಿ ಕಾರ್ಖಾನೆ ನಮ್ಮ ರಾಜ್ಯದಲ್ಲೇ ಇದೆ. ಅದರ ಹೆಸರು ರಾಜ್ ಹಂಸ ಅಲ್ಟ್ರಾಲೈಟ್ಸ್. ಊರು ಬೆಂಗಳೂರು. ಸ್ಥಾಪನೆ 1980. ಭಾರತದಲ್ಲಿ ಮೈಕ್ರೋಲೈಟ್, ಅಂದರೆ ಅತಿ ಹಗುರದ ಸಣ್ಣ ವಿಮಾನದ ತಯಾರಿಕೆಗೆ ಕೈ ಹಾಕಿದ ಮೊದಲ ಕಂಪನಿ ಇದು. ಈ ಸಂಚಿಕೆಯ ಓದುಗರಲ್ಲಿ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುತ್ತಿರುವ ಮಕ್ಕಳಿದ್ದಾರೆ. ಅವರಿಗಾಗಿ ಆ ಕಾರ್ಖಾನೆಯ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಹಿನ್ನೆಲೆ: ಪುಷ್ಪಕ್ ನಿಂತ ಮೇಲೆ

ಸಣ್ಣ ವಿಮಾನದ ಕಸುಬು ಕರ್ನಾಟಕಕ್ಕೆ ಹಳೆಯದು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. ಅಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. 1958ರ ಸೆಪ್ಟೆಂಬರ್‌ನಲ್ಲಿ ಪುಷ್ಪಕ್ ಹಾರಿತು. ಅದು ಇಬ್ಬರು ಕೂರುವ, ಲೋಹದ ಕೊಳವೆಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನ. ಸುಮಾರು 160 ಪುಷ್ಪಕ್‌ಗಳು ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯೂ ಸೇರಿದಂತೆ ಹಲವು ಕಡೆ ಒಂದು ತಲೆಮಾರಿನ ಪೈಲಟ್‌ಗಳು ಅದರಲ್ಲೇ ಕೈ ಪಳಗಿಸಿಕೊಂಡರು.

ಆಮೇಲೆ ಎಚ್‌ಎಎಲ್‌ನ ಗಮನ ಜೆಟ್‌ಗಳ ಕಡೆ ಹೊರಳಿತು. 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿತು, ನಂತರ ಕಿರಣ್ ಬಂತು, ಪರವಾನಗಿ ಪಡೆದು ಕಟ್ಟುವ ಮಿಗ್‌ಗಳು ಬಂದವು. ದೇಶದ ರಕ್ಷಣೆಗೆ ಅದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಷ್ಪಕ್ ತಯಾರಿಕೆ ನಿಂತಿತು. ಕ್ಲಬ್‌ಗಳ ವಿಮಾನಗಳು ಹಳೆಯದಾದವು, ಬಿಡಿಭಾಗ ಸಿಗದಾಯಿತು. ಅಗ್ಗದ ಸಣ್ಣ ವಿಮಾನ ಬೇಕೆನ್ನುವವರಿಗೆ 1970ರ ದಶಕದ ಕೊನೆಯ ಹೊತ್ತಿಗೆ ದೇಶದೊಳಗೆ ತಯಾರಕರೇ ಉಳಿದಿರಲಿಲ್ಲ.

ಅದೇ ದಶಕದಲ್ಲಿ ಹೊರದೇಶಗಳಲ್ಲಿ ಬೇರೊಂದು ಅಲೆ ಎದ್ದಿತ್ತು. ಅಮೆರಿಕದ ಫ್ರಾನ್ಸಿಸ್ ರೊಗಾಲೊ ಅವರು 1948ರಲ್ಲಿ ಪತ್ನಿ ಗರ್ಟ್ರೂಡ್ ಜೊತೆ ಸೇರಿ ಕಂಡುಹಿಡಿದ ಮಡಚುವ ಬಟ್ಟೆರೆಕ್ಕೆಯಿಂದ ಹ್ಯಾಂಗ್ ಗ್ಲೈಡರ್ ಹುಟ್ಟಿಕೊಂಡಿತು. ಗುಡ್ಡದ ತುದಿಯಿಂದ ಓಡಿ ಗಾಳಿಗೆ ಬೀಳುವ ಈ ಆಟಕ್ಕೆ ಯೂರೋಪು, ಅಮೆರಿಕ, ಆಸ್ಟ್ರೇಲಿಯಾದ ತರುಣರು ಮರುಳಾದರು. ಗುಡ್ಡವಿಲ್ಲದ ಕಡೆ ಏನು ಮಾಡುವುದು? ಸಣ್ಣ ಎಂಜಿನ್ ಕಟ್ಟಿದರು. ರೆಕ್ಕೆಯ ಕೆಳಗೆ ಮೂರು ಚಕ್ರದ ತೊಟ್ಟಿಲು ಕಟ್ಟಿದರು. ಅದೇ ಟ್ರೈಕ್. ಮೈಕ್ರೋಲೈಟ್ ಎಂಬ ವರ್ಗ ಹುಟ್ಟಿದ್ದು ಹೀಗೆ.

ಸ್ಥಾಪಕ ಮತ್ತು ಮೊದಲ ವರ್ಷಗಳು

ಆ ಅಲೆಯನ್ನು ಭಾರತಕ್ಕೆ ತಂದವರಲ್ಲಿ ಮುಖ್ಯರು ಫ್ರಾನ್ಸಿನ ಜೋಯೆಲ್ ಕೆಕ್ಲಾಂ. ಭಾರತದಲ್ಲಿ ಹ್ಯಾಂಗ್ ಗ್ಲೈಡಿಂಗ್ ಆರಂಭಿಸಿದವರ ಸಾಲಿನಲ್ಲಿ ಅವರ ಹೆಸರು ಬರುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಅವರು 1980ರಲ್ಲಿ ರಾಜ್ ಹಂಸ ಕಂಪನಿ ತೆರೆದರು. ಆರಂಭವಾದದ್ದು ಹ್ಯಾಂಗ್ ಗ್ಲೈಡರ್‌ನಿಂದ, ನಂತರ ಕ್ಲಿಪ್ಪರ್ ಎಂಬ ಟ್ರೈಕ್ ಬಂತು.

ಟ್ರೈಕ್‌ನಲ್ಲಿ ಬಾಲವಿಲ್ಲ, ಕಾಲಿನಲ್ಲಿ ಒತ್ತುವ ರಡ್ಡರ್ ಇಲ್ಲ. ರೆಕ್ಕೆಯಿಂದ ಇಳಿಬಿದ್ದ ತೊಟ್ಟಿಲಲ್ಲಿ ಪೈಲಟ್ ಕೂರುತ್ತಾನೆ. ಎದುರಿಗಿರುವ ಅಡ್ಡಪಟ್ಟಿಯನ್ನು ದೂಡಿ, ಎಳೆದು ತನ್ನ ಮೈಭಾರವನ್ನು ಅತ್ತಿತ್ತ ಸರಿಸಿದರೆ ರೆಕ್ಕೆ ಆ ಕಡೆ ವಾಲುತ್ತದೆ. ರಚನೆ ಸರಳ, ಬೆಲೆ ಕಡಿಮೆ, ಬಿಚ್ಚಿ ಜೀಪಿನ ಮೇಲೆ ಹೇರಿಕೊಂಡು ಹೋಗಬಹುದು. ಆದರೆ ಕೊರತೆಯೂ ಇತ್ತು. ಸಾಮಾನ್ಯ ವಿಮಾನದಲ್ಲಿ ಕಲಿತವನ ಕೈಗೆ ಇಲ್ಲಿಯ ಅಡ್ಡಪಟ್ಟಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಅಲ್ಲಿ ದಂಡ ಹಿಂದಕ್ಕೆಳೆದರೆ ಮೂಗು ಮೇಲೇಳುತ್ತದೆ, ಇಲ್ಲಿ ಪಟ್ಟಿಯನ್ನು ಮುಂದೆ ದೂಡಿದರೆ ಮೇಲೇಳುತ್ತದೆ. ತರಬೇತಿ ಶಾಲೆಗಳು, ಹಳೆಯ ಪೈಲಟ್‌ಗಳು ಇಂಥದ್ದನ್ನು ಕೊಳ್ಳಲು ಹಿಂಜರಿಯುವುದು ಸಹಜ. ಮಾಮೂಲಿ ವಿಮಾನದಂತೆಯೇ ದಂಡ, ರಡ್ಡರ್ ಪೆಡಲ್ ಇರುವ ಮೈಕ್ರೋಲೈಟ್ ಬೇಕಾಯಿತು.

ಈ ನಡುವೆ ದೇಶದ ಜನ ಮೈಕ್ರೋಲೈಟ್ ಎಂಬ ಪದವನ್ನು ಪತ್ರಿಕೆಗಳಲ್ಲಿ ಕಂಡರು. 1988ರಲ್ಲಿ ಉದ್ಯಮಿ ವಿಜಯಪತ್ ಸಿಂಘಾನಿಯಾ ಒಂಟಿಯಾಗಿ ಲಂಡನ್ನಿನಿಂದ ಅಹಮದಾಬಾದಿಗೆ ಮೈಕ್ರೋಲೈಟಿನಲ್ಲಿ 23 ದಿನಗಳಲ್ಲಿ ಹಾರಿಬಂದರು. ಅವರ ವಿಮಾನ ಬ್ರಿಟನ್ನಿನದು. ಆದರೂ ಇಷ್ಟು ಹಗುರದ ಯಂತ್ರ ಮರುಭೂಮಿ, ಸಮುದ್ರ ದಾಟಬಲ್ಲದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಎಕ್ಸ್-ಏರ್ ಬಂದದ್ದು

ಕಂಪನಿಯ ಹೆಸರು ಹೊರದೇಶಗಳಲ್ಲಿ ಓಡಾಡಿದ್ದು ಎಕ್ಸ್-ಏರ್ ಎಂಬ ವಿಮಾನದಿಂದ. ಇದರ ಮೂಲ ಅಮೆರಿಕದ ಜಾನ್ ಚೋಟಿಯಾ 1970ರ ದಶಕದ ಕೊನೆಯಲ್ಲಿ ರೂಪಿಸಿದ ವೀಡ್‌ಹಾಪರ್. ಅದು ಒಬ್ಬರೇ ಕೂರುವ, ಅತಿ ಸರಳ ವಿಮಾನ. ಮುಂದೆ ಎಂಜಿನ್, ಮೇಲೆ ರೆಕ್ಕೆ, ಹಿಂದೆ ಉದ್ದನೆಯ ಒಂದೇ ಕೊಳವೆಗೆ ಕಟ್ಟಿದ ಬಾಲ. ಈ ವಂಶದ ಎರಡು ಆಸನದ ವಿಮಾನಗಳು ಯೂರೋಪಿನಲ್ಲಿ ತಯಾರಾಗುತ್ತಿದ್ದವು. ಅವನ್ನು ತಿದ್ದಿ, ಬಲಪಡಿಸಿ, ಇಬ್ಬರು ಅಕ್ಕಪಕ್ಕ ಕೂರುವಂತೆ, ಮಾಮೂಲಿ ವಿಮಾನದ ಹಾಗೆ ಮೂರೂ ಅಕ್ಷದ ನಿಯಂತ್ರಣ ಇರುವಂತೆ ಮಾಡಿದ್ದು ಎಕ್ಸ್-ಏರ್. ಫ್ರಾನ್ಸಿನಲ್ಲಿ ಇದನ್ನು ರಾಂಡ್‌ಕಾರ್ ಎಂಬ ಕಂಪನಿ ಮಾರುತ್ತಿತ್ತು. ಕಟ್ಟುತ್ತಿದ್ದದ್ದು ಬೆಂಗಳೂರು. ಬ್ರಿಟನ್ನಿನಲ್ಲೂ 1990ರ ದಶಕದ ಕೊನೆಯಿಂದ ಇದರ ಕಿಟ್‌ಗಳು ಮಾರಾಟವಾದವು.

ಮುಂದೆ ಫ್ಲಾಪ್ ಇರುವ ಎಫ್ ಮಾದರಿ ಬಂತು. ಬ್ರಿಟನ್ನಿನ ಕೊಳ್ಳುಗರು ಅದನ್ನು ಫಾಲ್ಕನ್ ಎಂದರು. ಆಮೇಲಿನದು ಹನುಮಾನ್: ಮುಚ್ಚಿದ ಕ್ಯಾಬಿನ್, ಬಾಗಿಲು, ಹೆಚ್ಚು ವೇಗ, ನಾಲ್ಕು ಸ್ಟ್ರೋಕಿನ ಎಂಜಿನ್. ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಹನುಮಾನನಿಗೆ ಸಿಕ್ಕ ಹೆಸರು ಎಕ್ಸ್-ಏರ್ ಹಾಕ್. ಬೀದರಿಗೆ ಬ್ರಿಟನ್ನಿನ ಹಾಕ್ ಜೆಟ್ ಬಂದ ದಶಕದಲ್ಲೇ ಬೆಂಗಳೂರಿನ ಹನುಮಾನ್ ಅದೇ ಹೆಸರು ಹೊತ್ತು ಬ್ರಿಟನ್ನಿಗೆ ಹೋಯಿತು ಎಂಬುದು ನಮ್ಮ ಜಿಲ್ಲೆಯ ಓದುಗರಿಗೆ ಗೊತ್ತಿರಬೇಕಾದ ಸಂಗತಿ. ಅಮೆರಿಕ 2004ರಲ್ಲಿ ಲೈಟ್ ಸ್ಪೋರ್ಟ್ ಎಂಬ ಹೊಸ ವರ್ಗವನ್ನು ತೆರೆದಾಗ ಇದೇ ವಿಮಾನ ಎಕ್ಸ್-ಏರ್ ಎಲ್‌ಎಸ್ ಎಂಬ ಹೆಸರಿನಲ್ಲಿ ಅಲ್ಲಿಗೂ ತಲುಪಿತು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ ಬೇರೆ, ಈ ರಾಜಹಂಸ ಬೇರೆ. ಹಂಸ ಸರ್ಕಾರಿ ಪ್ರಯೋಗಾಲಯದ್ದು, ನಾರು ಬಲವರ್ಧಿತ ಪ್ಲಾಸ್ಟಿಕ್ ಮೈಯದು, ಮೈಕ್ರೋಲೈಟಿಗಿಂತ ಭಾರದ್ದು. 2000ದಲ್ಲಿ ಅದಕ್ಕೆ ಪ್ರಮಾಣಪತ್ರ ಸಿಕ್ಕಿತು. ಹದಿನಾಲ್ಕು ವಿಮಾನಗಳಾದ ಮೇಲೆ ತಯಾರಿಕೆ ನಿಂತು, ಹೊಸ ರೂಪದ ಹಂಸ 2021ರಲ್ಲಿ ಹಾರಿತು. ಸರ್ಕಾರಿ ಹಂಸಕ್ಕೆ ಖರೀದಿದಾರ ಸರ್ಕಾರವೇ ಆಗಿದ್ದರೆ ಖಾಸಗಿ ರಾಜಹಂಸ ಹೊರದೇಶದ ಗಿರಾಕಿಯನ್ನು ನಂಬಿ ಬದುಕಿತು.

ಕಾರ್ಖಾನೆಯೊಳಗಿನ ಕೆಲಸ

ಮೈಕ್ರೋಲೈಟ್ ಎಂದರೆ ಆಟಿಕೆಯಲ್ಲ, ಅಂಕೆಗಳಲ್ಲಿ ಬಿಗಿಯಾಗಿ ಕಟ್ಟಿದ ಯಂತ್ರ. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಇದಕ್ಕೆ ಬಹುಕಾಲ ಇಟ್ಟಿದ್ದ ಮಿತಿ ಎರಡು ಆಸನ ಮತ್ತು 450 ಕೆ.ಜಿ. ಒಟ್ಟು ತೂಕ. ಇಬ್ಬರು ಜನ, ಇಂಧನ, ಎಂಜಿನ್, ರೆಕ್ಕೆ ಎಲ್ಲ ಸೇರಿ ಇಷ್ಟರಲ್ಲೇ ಮುಗಿಯಬೇಕು. ಬೀದರಿನ ಹಾಕ್ ಜೆಟ್ ಪೂರ್ತಿ ತುಂಬಿದಾಗ ಒಂಬತ್ತು ಟನ್ ತೂಗುತ್ತದೆ. ಅಂಥ ಇಪ್ಪತ್ತು ಮೈಕ್ರೋಲೈಟ್ ಸೇರಿದರೆ ಒಂದು ಹಾಕ್.

ಎಕ್ಸ್-ಏರ್‌ನ ಎಲುಬು ಅಲ್ಯೂಮಿನಿಯಂ ಮಿಶ್ರಲೋಹದ ಕೊಳವೆ. ಕೊಳವೆಯನ್ನು ಅಳತೆಗೆ ಕತ್ತರಿಸಬೇಕು, ಜಿಗ್ಗಿನಲ್ಲಿಟ್ಟು ತೂತು ಕೊರೆಯಬೇಕು. ತೂತಿನ ಅಂಚಿನಲ್ಲಿ ಸಣ್ಣ ಗೀರು ಉಳಿದರೂ ಅಲುಗಾಟಕ್ಕೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಆದ್ದರಿಂದ ಅಂಚನ್ನು ನುಣುಪು ಮಾಡುವುದೇ ಒಂದು ಕೆಲಸ. ತುಕ್ಕು ಹಿಡಿಯದ ಹಾಗೆ ಆನೊಡೈಸ್ ಮಾಡಬೇಕು. ಕೊಳವೆಗಳನ್ನು ಬೆಸುಗೆ ಹಾಕದೆ ಬೋಲ್ಟು, ಸಡಿಲವಾಗದ ನಟ್ಟು, ತಟ್ಟೆಗಳಿಂದ ಸೇರಿಸುತ್ತಾರೆ. ಬೆಸುಗೆ ಬೇಡವೆನ್ನುವುದಕ್ಕೂ ಕಾರಣವಿದೆ. ಬೆಸುಗೆಯ ಬಿಸಿಗೆ ಈ ಮಿಶ್ರಲೋಹ ಮೆತ್ತಗಾಗುತ್ತದೆ. ಅಲ್ಲದೆ, ಬೋಲ್ಟು ಹಾಕಿದ ಭಾಗ ಕೆಟ್ಟರೆ ಬಿಚ್ಚಿ ಅದೊಂದನ್ನೇ ಬದಲಾಯಿಸಬಹುದು.

ರೆಕ್ಕೆಯ ಹೊದಿಕೆ ಹಾಯಿದೋಣಿಗೆ ಬಳಸುವ ಜಾತಿಯ ಪಾಲಿಯೆಸ್ಟರ್ ಬಟ್ಟೆ, ವ್ಯಾಪಾರದ ಹೆಸರು ಡೇಕ್ರಾನ್. ಮೇಜಿನ ಮೇಲೆ ಹಾಸಿ, ನಮೂನೆಯಿಟ್ಟು ಕತ್ತರಿಸಿ, ಹೊಲಿಗೆ ಯಂತ್ರದಲ್ಲಿ ಹೊಲಿದು, ದಿಂಬಿಗೆ ಗವಸು ತೊಡಿಸುವಂತೆ ಚೌಕಟ್ಟಿಗೆ ತೊಡಿಸಿ ಬಿಗಿಯುತ್ತಾರೆ. ಹೊಲಿಗೆ ನೇರವಾಗಿಲ್ಲದಿದ್ದರೆ ಅಥವಾ ಬಿಗಿತದಲ್ಲಿ ಎರಡು ಕಡೆಗೂ ವ್ಯತ್ಯಾಸವಿದ್ದರೆ ವಿಮಾನ ಒಂದು ಪಕ್ಕಕ್ಕೆ ಎಳೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಬಟ್ಟೆ ವರ್ಷವರ್ಷಕ್ಕೂ ಸೊರಗುತ್ತದೆ. ಅದಕ್ಕೇ ಇಂತಿಷ್ಟು ಕಾಲಕ್ಕೊಮ್ಮೆ ಸ್ಪ್ರಿಂಗ್ ತಕ್ಕಡಿಯಂಥ ಉಪಕರಣದ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಎಳೆದು, ಎಷ್ಟು ಎಳೆತಕ್ಕೆ ತಡೆಯುತ್ತದೆ ಎಂದು ನೋಡಬೇಕು. ನಿಗದಿತ ಎಳೆತ ತಡೆಯದ ಬಟ್ಟೆಯನ್ನು ತೆಗೆದು ಹೊಸದು ಹಾಕುತ್ತಾರೆ.

ಎಂಜಿನ್ ಮಾತ್ರ ಹೊರಗಿನದು. ಆರಂಭದಲ್ಲಿ ಆಸ್ಟ್ರಿಯಾದ ರೋಟಾಕ್ಸ್ ಎರಡು ಸ್ಟ್ರೋಕ್ ಎಂಜಿನ್ ಮುಖ್ಯವಾಗಿತ್ತು. ಅದು ಹಗುರ, ಅಗ್ಗ. ಆದರೆ ಎರಡು ಸ್ಟ್ರೋಕಿಗೆ ನಡುವೆ ನಿಂತುಬಿಡುವ ಅಪಾಯ ಹೆಚ್ಚು. ಹಾಗಾಗಿ ಮೈಕ್ರೋಲೈಟ್ ಪೈಲಟ್‌ಗೆ ಕಲಿಸುವ ಮೊದಲ ಪಾಠ, ಕೆಳಗೆ ಇಳಿಯಲು ಒಂದು ಬಯಲು ಕಣ್ಣಿಗೆ ಬೀಳುವ ಹಾಗೇ ಹಾರು ಎಂಬುದು. ಇಳಿಯುವ ವೇಗ ಬಹಳ ಕಡಿಮೆ ಇರುವುದರಿಂದ ಚಿಕ್ಕ ಹೊಲ ಸಾಕು. ಹನುಮಾನ್ ಹೊತ್ತಿಗೆ ಆಸ್ಟ್ರೇಲಿಯಾದ ಜಬಿರು ನಾಲ್ಕು ಸ್ಟ್ರೋಕ್ ಎಂಜಿನ್ ಬಂತು, ಈ ಚಿಂತೆ ಇಳಿಯಿತು.

ಮಾರಾಟದ ಬಗೆಯನ್ನೂ ಗಮನಿಸಬೇಕು. ಕಂಪನಿ ಬಹುಪಾಲು ಕಿಟ್ ಕಳಿಸುತ್ತಿತ್ತು. ಕೊಳವೆ, ಬಟ್ಟೆ, ಬೋಲ್ಟು ಎಲ್ಲ ಎಣಿಸಿ ಪೆಟ್ಟಿಗೆಯಲ್ಲಿಟ್ಟರೆ ಹಡಗಿನಲ್ಲಿ ಹೋಗುತ್ತದೆ. ಕೊಂಡವನು ತನ್ನ ಗ್ಯಾರೇಜಿನಲ್ಲಿ ಕೈಪಿಡಿ ನೋಡಿ ಕಟ್ಟುತ್ತಾನೆ, ಅವನ ದೇಶದ ಸಂಘದ ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾನೆ. ಇದರಿಂದ ಬೆಲೆ ಇಳಿಯಿತು, ಸಾಗಣೆ ಸುಲಭವಾಯಿತು. ಜೊತೆಗೆ, ಕೈಯಾರೆ ಕಟ್ಟಿದವನಿಗೆ ತನ್ನ ವಿಮಾನದ ಪ್ರತಿ ಬೋಲ್ಟು ಗೊತ್ತಿರುತ್ತದೆ. ಯೂರೋಪಿನ ಇನ್‌ಸ್ಪೆಕ್ಟರುಗಳು ಬೆಂಗಳೂರಿನ ಕೆಲಸಗಾರ ಕೊರೆದ ತೂತನ್ನು ಪರೀಕ್ಷಿಸಿ ಒಪ್ಪಿದರು ಎನ್ನುವುದು ಈ ಕಾರ್ಖಾನೆಗೆ ಸಂದ ದೊಡ್ಡ ಪ್ರಮಾಣಪತ್ರ.

ಮನೆಯ ಬಾಗಿಲು ಕಿರಿದಾದದ್ದು

ಹೊರಗೆ ಮಾರಿದ ಈ ಕಂಪನಿಗೆ ಒಳಗಿನ ಮಾರುಕಟ್ಟೆ ಯಾಕೆ ದೊಡ್ಡದಾಗಲಿಲ್ಲ? ಜಕ್ಕೂರಿನಂಥ ಕೆಲವು ಕಡೆ ಎಕ್ಸ್-ಏರ್ ಹಾರಿದೆ, ಜನ ಅದರಲ್ಲಿ ಕೂತು ಬೆಂಗಳೂರಿನ ಕೆರೆಗಳನ್ನು ನೋಡಿದ್ದಾರೆ. ಆದರೆ ಖಾಸಗಿಯಾಗಿ ಕೊಂಡು ಹಾರಿಸುವವರು ಬೆರಳೆಣಿಕೆ. ಸಾಮಾನ್ಯ ವಿಮಾನದ ಹಾಗೆ ನೋಂದಣಿ, ಹಾರಾಟದ ಅನುಮತಿ, ಪೈಲಟ್ ಪರವಾನಗಿ ಬೇಕು. ಅದರ ಮೇಲೆ ಗೃಹ, ರಕ್ಷಣಾ ಇಲಾಖೆಗಳ ಭದ್ರತಾ ಒಪ್ಪಿಗೆ ಬೇಕು. 1995ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಪ್ರಕರಣ, 2008ರ ಮುಂಬೈ ದಾಳಿ ಇವುಗಳ ನಂತರ ಸಣ್ಣ ವಿಮಾನವನ್ನು ಆಡಳಿತ ಅನುಮಾನದಿಂದಲೇ ನೋಡತೊಡಗಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆ ಹತ್ತಿರ ಬಂದಾಗ ದೊಡ್ಡ ನಗರಗಳ ಪೊಲೀಸರು ಹೊರಡಿಸುವ ನಿಷೇಧಾಜ್ಞೆಯ ಪಟ್ಟಿಯಲ್ಲಿ ಮೈಕ್ರೋಲೈಟ್, ಹ್ಯಾಂಗ್ ಗ್ಲೈಡರ್‌ಗಳ ಹೆಸರಿರುತ್ತದೆ. ಬಹಳಷ್ಟು ಓದುಗರು ಈ ಪದವನ್ನು ಕಂಡಿರುವುದೇ ಅಲ್ಲಿ.

ಈ ಎಚ್ಚರಿಕೆಯನ್ನು ಪೂರ್ತಿ ತಪ್ಪೆನ್ನಲಾಗದು. ಬೀದರಿನಂಥ ತರಬೇತಿ ನೆಲೆಯ ಸುತ್ತಲ ಆಕಾಶದಲ್ಲಿ ಹವ್ಯಾಸದ ಹಾರಾಟಕ್ಕೆ ಬಿಡಲಾಗುವುದಿಲ್ಲ ಎಂಬುದನ್ನು ನಾವು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಒಂದು ಉದ್ಯಮ ಬೆಳೆಯಲು ಊರಿನಲ್ಲೇ ಗಿರಾಕಿ ಬೇಕು. ಹತ್ತಿರದ ಗಿರಾಕಿಯ ದೂರಿನಿಂದಲೇ ಯಂತ್ರ ಸುಧಾರಿಸುವುದು.

ಇದಕ್ಕೆ ಸ್ಲೊವೇನಿಯಾದ ಉದಾಹರಣೆ ಸಾಕು. ಕರ್ನಾಟಕಕ್ಕಿಂತ ಎಷ್ಟೋ ಚಿಕ್ಕದಾದ ಆ ದೇಶದಲ್ಲಿ ಇವೊ ಬೊಸ್ಕಾರೊಲ್ ಎಂಬವರು ಪಿಪಿಸ್ಟ್ರೆಲ್ ಕಂಪನಿ ಕಟ್ಟಿದರು. ಅದು ರಾಜಹಂಸಕ್ಕಿಂತ ವಯಸ್ಸಿನಲ್ಲಿ ಚಿಕ್ಕದು, ಅದೂ ಟ್ರೈಕ್‌ನಿಂದಲೇ ಶುರುವಾದದ್ದು. ಆದರೆ ಅದು ಬೇಗನೇ ಕಾಂಪೊಸಿಟ್ ಮೈಗೆ ಹೊರಳಿತು, ಸಂಶೋಧನೆಗೆ ಹಣ ಹಾಕಿತು, ನಾಸಾ ನಡೆಸಿದ ಮಿತವ್ಯಯದ ವಿಮಾನಗಳ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದಿತು. 2015ರಲ್ಲಿ ನಮ್ಮ ರಕ್ಷಣಾ ಸಚಿವಾಲಯ ವಾಯುಪಡೆ, ನೌಕಾಪಡೆ, ಎನ್‌ಸಿಸಿಗಳಿಗಾಗಿ 194 ಮೈಕ್ರೋಲೈಟ್‌ಗಳಿಗೆ ಆದೇಶ ಕೊಟ್ಟಾಗ ಅದು ಹೋದದ್ದು ಪಿಪಿಸ್ಟ್ರೆಲ್‌ಗೆ. ಅದಕ್ಕೂ ಮೊದಲು ಎನ್‌ಸಿಸಿ ಮಕ್ಕಳು ಹಾರುತ್ತಿದ್ದ ಮೈಕ್ರೋಲೈಟಿನ ವಿನ್ಯಾಸವೂ ಕೆನಡಾದ ಜೆನ್‌ಏರ್‌ದೇ. 2007ರಲ್ಲಿ ನಮ್ಮ ವಾಯುಪಡೆಯ ಇಬ್ಬರು ವಿಂಗ್ ಕಮಾಂಡರ್‌ಗಳು, ರಾಹುಲ್ ಮೊಂಗಾ ಮತ್ತು ಅನಿಲ್ ಕುಮಾರ್, ಜೂನ್‌ನಿಂದ ಆಗಸ್ಟ್‌ವರೆಗೆ ಮೈಕ್ರೋಲೈಟಿನಲ್ಲಿ ಭೂಮಿ ಸುತ್ತಿ ಹಿಂಡನ್ ವಾಯುನೆಲೆಗೆ ಮರಳಿದರು. ಆ ವಿಮಾನ ಜರ್ಮನಿಯ ಕಂಪನಿಯದು. ಹಾರುವ ಧೈರ್ಯಕ್ಕೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. ಕಟ್ಟುವವರ ಬೆನ್ನಿಗೆ ನಿಲ್ಲುವುದರಲ್ಲಿ ಕೊರತೆಯಾಗಿದೆ.

ನಮ್ಮ ಜಿಲ್ಲೆಗೆ ಇದರಲ್ಲೇನಿದೆ

ರಾಜಹಂಸದ ಸಾಧನೆಯನ್ನು ಅಳೆಯುವಾಗ ಅದು ಬೋಯಿಂಗ್ ಆಗಲಿಲ್ಲ ಎಂದು ಕೊರಗುವುದು ದಡ್ಡತನ. ತನಗೆ ಸಾಧ್ಯವಾದ ತಂತ್ರಜ್ಞಾನವನ್ನು ಅದು ಆರಿಸಿಕೊಂಡಿತು, ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು, ನಿಯಮ ಅನುವು ಮಾಡಿಕೊಟ್ಟ ದೇಶಗಳಿಗೆ ಮಾರಿತು. ಕಾಂಪೊಸಿಟ್‌ಗೆ ದೊಡ್ಡ ಪ್ರಮಾಣದಲ್ಲಿ ಹೊರಳದೆ ಕೊಳವೆ-ಬಟ್ಟೆಯ ದಾರಿಯಲ್ಲೇ ಉಳಿದದ್ದು ಅದರ ಮಿತಿ. ಆ ಮಿತಿಯೊಳಗೇ ಕರ್ನಾಟಕದ ಖಾಸಗಿ ಕಂಪನಿಯೊಂದು ಪೂರ್ತಿ ವಿಮಾನವನ್ನು ಫ್ರಾನ್ಸ್, ಬ್ರಿಟನ್, ಅಮೆರಿಕಗಳಿಗೆ ಮಾರಿದ್ದು ಸಣ್ಣ ಮಾತಲ್ಲ.

ಬೀದರಿನಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು ರಾಜಹಂಸ ಹುಟ್ಟಿದ 1980ರಲ್ಲೇ. ಅದರ ಬೆನ್ನಿಗೇ 1982ರಲ್ಲಿ ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜು ಬಂತು. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಅತಿ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಔರಾದನ್ನೂ ಭಾಲ್ಕಿಯನ್ನೂ ಸೇರಿಸಿತು. ಸಂವಿಧಾನದ 371ಜೆ ಕಲಮಿನ ನಂತರ ಮೀಸಲಾತಿ, ಅನುದಾನ ಬಂದಿವೆ. 2020ರ ಫೆಬ್ರುವರಿಯಲ್ಲಿ ಉಡಾನ್ ಯೋಜನೆಯಡಿ ಬೀದರಿನಿಂದ ನಾಗರಿಕ ವಿಮಾನವೂ ಹಾರಿತು. ಇಷ್ಟೆಲ್ಲ ಆದಮೇಲೂ ನಮ್ಮ ಮಕ್ಕಳಿಗೆ ವಿಮಾನ ಎಂದರೆ ಪೈಲಟ್ ಅಥವಾ ಪ್ರಯಾಣಿಕ, ಇವೆರಡೇ ಕಾಣಿಸುತ್ತಿವೆ.

ನಡುವೆ ಬಹಳ ಕೆಲಸಗಳಿವೆ. ಕೊಳವೆ ಕೊರೆಯುವವರು, ರಿವೆಟ್ ಹೊಡೆಯುವವರು, ರೆಕ್ಕೆ ಹೊಲಿಯುವವರು, ಎಂಜಿನ್ ಬಿಚ್ಚಿ ಕೂಡಿಸುವವರು, ತೂಕ ಮತ್ತು ಸಮತೋಲನದ ಲೆಕ್ಕ ಹಾಕುವವರು, ಪ್ರತಿ ಬೋಲ್ಟಿನ ಬಿಗಿತವನ್ನು ದಾಖಲೆಗೆ ಬರೆಯುವವರು. ಇಂದು ಡ್ರೋನ್ ತಯಾರಿಕೆಗೆ ಬೇಕಾಗಿರುವುದೂ ಇದೇ ಕೈಕೆಲಸ, ಇದೇ ಶಿಸ್ತು. ತೊಗರಿ, ಸೋಯಾ ಹೊಲಗಳಿಗೆ ಔಷಧಿ ಸಿಂಪಡಿಸುವ ಡ್ರೋನ್ ಕೆಟ್ಟರೆ ಅದನ್ನು ಔರಾದಿನಲ್ಲೇ ರಿಪೇರಿ ಮಾಡುವ ಹುಡುಗ, ಹುಡುಗಿ ಬೇಕು. ಬೀದರಿನ ಆಕಾಶ ವಾಯುಪಡೆಯದು, ಅದು ಹಾಗೇ ಇರಲಿ. ನೆಲದ ಮೇಲಿನ ವರ್ಕ್‌ಶಾಪಿಗೆ ಯಾರ ಅಡ್ಡಿಯೂ ಇಲ್ಲ.

ಆದ್ದರಿಂದ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳ ಆಡಳಿತ ಮಂಡಳಿಗಳಲ್ಲಿ ನನ್ನದು ಒಂದೇ ವಿನಂತಿ. ಪ್ರತಿ ಸಂಸ್ಥೆಯೂ ಒಂದು ಏರೋಮಾಡೆಲಿಂಗ್ ಕೊಠಡಿ ತೆರೆಯಲಿ. ಕೊಳವೆ, ಬಟ್ಟೆ, ಸಣ್ಣ ಎಂಜಿನ್ ಇಟ್ಟು ಮಕ್ಕಳ ಕೈಗೆ ಕೆಲಸ ಕೊಡಲಿ. ವಾಯುಪಡೆಯಿಂದ ನಿವೃತ್ತರಾಗಿ ಇಲ್ಲೇ ನೆಲೆಸಿರುವ ತಂತ್ರಜ್ಞರನ್ನು ವಾರಕ್ಕೊಮ್ಮೆ ಪಾಠಕ್ಕೆ ಕರೆಯಲಿ. ಮುಂದಿನ ಸ್ಮರಣ ಸಂಚಿಕೆ ಹೊರಡುವ ಹೊತ್ತಿಗೆ ಬೀದರಿನ ಕಾರ್ಖಾನೆಯೊಂದರ ಇತಿಹಾಸ ಬರೆಯುವ ಅವಕಾಶವನ್ನು ಯಾರಿಗಾದರೂ ಒದಗಿಸಲಿ.